ಹೊಳೆಯ ನಡುವೆ ನಿಂತ ಇಂಜಿನ್

ಕಳೆದ ವಾರ ನ್ಯಾಮತಿಯಲ್ಲಿ ನನ್ನ ಸ್ಕೂಟರ್ ಕೈಕೊಟ್ಟಿತು. ಮೆಕ್ಯಾನಿಕ್ ಬ್ಯಾಟರಿಯ ತಂತಿ ಬಿಚ್ಚಿದ. ತುದಿಯ ತುಂಬ ಹಸಿರು ಕಿಲುಬು, ಒಂದು ಬಗೆಯ ಹುಳಿ ವಾಸನೆ. ಅಲ್ಲೇ ನಿಂತವಳಿಗೆ ಹೊನ್ನಾಳಿಯ ಹೊಳೆ, ಮಂಜು, ದೋಣಿಯ ಅಕ್ಕ ಎಲ್ಲ ಒಟ್ಟಿಗೆ ನೆನಪಾದರು...

ಆಗ ನನಗೆ ಆಚೆ ದಡದ ಶಾಲೆಯಲ್ಲಿ ಕೆಲಸ. ದಿನವೂ ಅಕ್ಕನ ಮೋಟರ್ ದೋಣಿಯಲ್ಲೇ ಹೋಗಿಬರುತ್ತಿದ್ದೆ. ಅವರ ಗಂಡ ಹರಿಗೋಲು ಹಾಕುತ್ತಿದ್ದವರು. ಒಂದು ಮಳೆಗಾಲ ಹೊಳೆಗೆ ಹೋದವರು ಮರಳಲಿಲ್ಲ, ದೇಹವೂ ಸಿಗಲಿಲ್ಲ. ಆ ಮೇಲೆ ಅಕ್ಕ ಹರಿಗೋಲು ಮುಟ್ಟದೆ ಈ ಮೋಟರ್ ದೋಣಿ ಕೊಂಡಿದ್ದರು.

ಒಂದು ಬೆಳಿಗ್ಗೆ ದೋಣಿ ತುಂಬ ಜನ. ನಡುಹೊಳೆಯಲ್ಲಿ ದೋಣಿಯ ನೀರೊಳಗಿನ ಫ್ಯಾನಿಗೆ ಕಳೆ ಸುತ್ತಿಕೊಂಡಿತು. ಅಕ್ಕ ಇಂಜಿನ್ ನಿಲ್ಲಿಸಿ ಕಳೆ ಕಿತ್ತರು. ಮತ್ತೆ ಗುಂಡಿ ಒತ್ತಿದರೆ ಇಂಜಿನ್ ನಿದ್ದೆಯಲ್ಲಿ ನರಳಿದ ಹಾಗೆ ಒಮ್ಮೆ ತಿರುಗಿ ಸುಮ್ಮನಾಯಿತು. ದೋಣಿ ತೇಲತೊಡಗಿತು. ಮಂಜಿನಲ್ಲಿ ಎರಡೂ ದಡ ಕಾಣುತ್ತಿರಲಿಲ್ಲ. ನೀರಿನ ಸದ್ದೊಂದೇ... ಅಕ್ಕ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಎತ್ತಲೋ ನೋಡುತ್ತ ಕುಳಿತುಬಿಟ್ಟರು. ಸೇತುವೆಯ ಕಂಬ ಮಂಜಿನಿಂದ ಎದ್ದು ಬಂದಾಗ ನಾನು "ಅಕ್ಕಾ!" ಎಂದು ಚೀರಿದೆ. ಅವರು ಬೆಚ್ಚಿಬಿದ್ದು, ಇಂಜಿನ್ನಿನ ಮುಚ್ಚಳ ತೆಗೆದು, ಚಕ್ರಕ್ಕೆ ಹಗ್ಗ ಸುತ್ತಿ ಎಳೆದರು. ಇಂಜಿನ್ ಹತ್ತಿಕೊಂಡಿತು.

ದಡ ಸೇರಿದ ಮೇಲೆ ಅವರು ಯಾರನ್ನೂ ಹತ್ತಿಸಲಿಲ್ಲ.

"ಹಗ್ಗ ಎಳೆದ್ರೆ ಚಾಲೂ ಆಗ್ತೈತಲ್ರೀ," ಎಂದು ದಡದಲ್ಲಿ ಕಾಯುತ್ತಿದ್ದ ಹಾಲಿನವರು ಗೊಣಗಿದರು.

"ಕಾಯಾಕೆ ಆಗದಿದ್ರೆ ಸೇತುವೆ ಮೇಲೆ ಸುತ್ತಿ ಹೋಗ್ರಿ," ಅಂದರು ಅಕ್ಕ.

ಸಂಜೆ ಶಾಲೆಯಿಂದ ಕರೆಂಟು ಅಳೆಯುವ ಮೀಟರ್ ತಂದುಕೊಟ್ಟೆ. ಅಕ್ಕ ಗುಂಡಿ ಒತ್ತಿ, ತಂತಿಯನ್ನು ಉದ್ದಕ್ಕೂ ಸವರಿದರು. "ಇಲ್ಲಿ ಮುಟ್ರಿ ಟೀಚರ್ರೇ, ಬಿಸಿ ಐತೆ. ಕರೆಂಟು ಮುಂದಕ್ಕೆ ಹೋಗಾಕೆ ಆಗದೆ ಇಲ್ಲೇ ಒದ್ದಾಡ್ತೈತೆ." ಆ ಜಾಗದ ಕಿಲುಬನ್ನು ಇಬ್ಬರೂ ಉಜ್ಜಿ ತೆಗೆದೆವು. ಇಂಜಿನ್ ಚುರುಕಾಗಿ ತಿರುಗಿತು. ನನಗೆ ಖುಷಿಯೋ ಖುಷಿ. ಮಾರನೆಯ ದಿನ ಮತ್ತೆ ಅದೇ ನರಳಾಟ. ಈ ಸಲ ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಗೆ ಮೀಟರ್ ಹಿಡಿದೆವು. ಎಷ್ಟು ಜೋರು ಮಾಡಿದರೂ ಮುಳ್ಳು ಮೇಲೇಳಲಿಲ್ಲ. ಬ್ಯಾಟರಿ ಖರ್ಚಾಗುತ್ತಿತ್ತೇ ಹೊರತು ತುಂಬುತ್ತಿರಲಿಲ್ಲ. ಚಾರ್ಜ್ ಮಾಡುವ ಪುಟ್ಟ ಡಬ್ಬಿ ಸುಟ್ಟುಹೋಗಿತ್ತು. ಶಿವಮೊಗ್ಗದಿಂದ ಹೊಸದು ಬಂದು, ಮುಳ್ಳು ಏರುವುದನ್ನು ಕಣ್ಣಾರೆ ನೋಡುವವರೆಗೆ ಅಕ್ಕ ದೋಣಿ ಬಿಡಲಿಲ್ಲ.

ಇಷ್ಟೊಂದು ಹಟ ಯಾಕಕ್ಕ ಎಂದು ಕೇಳಿದ್ದೆ. ಅಕ್ಕ ಹೇಳಿದರು: "ಅವತ್ತು ಇಂಜಿನ್ ನಿಂತಾಗ ನಮ್ಮ ಯಜಮಾನ್ರು ಕರೆದಂಗಾತು ಟೀಚರ್ರೇ. ಹೆದರಿಕೆ ಆಗ್ಲಿಲ್ಲ, ಹಿತ ಆತು. ಕಂಬ ಬಂದಿದ್ದೂ ಕಾಣ್ಲಿಲ್ಲ ನಂಗೆ. ದೋಣಿ ತುಂಬ ಜನ ಇದ್ರಲ್ಲ... ಇನ್ನು ಇದು ನೀರಾಗೆ ನಿಲ್ಲಬಾರ್ದು."

ಆಮೇಲೆ ನನಗೆ ಜಗಳೂರಿಗೆ ವರ್ಗವಾಯಿತು. ಹೊಳೆಯಿಲ್ಲದ ಊರು. ಬರುತ್ತೇನೆ ಅಂದಿದ್ದೆ, ಹೋಗಲಾಗಲಿಲ್ಲ...

ಸ್ಕೂಟರ್ ರಿಪೇರಿಯಾದದ್ದೇ ಹೊನ್ನಾಳಿಗೆ ಹೋದೆ. ಅಕ್ಕ ತೀರಿಕೊಂಡು ವರ್ಷಗಳೇ ಆಗಿವೆಯಂತೆ. ಅವರ ತಂಗಿ ನನ್ನನ್ನು ಮೇಲಿನ ಹೊಲಕ್ಕೆ ಕರೆದುಕೊಂಡು ಹೋದರು. "ದಂಡೆ ಮ್ಯಾಲೆ ಬ್ಯಾಡ, ಹೊಳೆ ಸದ್ದು ಕೇಳದ ಕಡೆ ಮಣ್ಣು ಮಾಡ್ರಿ ಅಂದಿದ್ಲು," ಎಂದರು. ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ನಿಂತು ಕಿವಿಗೊಟ್ಟೆ. ನಿಜ, ಹೊಳೆ ಕೇಳುತ್ತಿರಲಿಲ್ಲ. ಅಕ್ಕಾ ಎಂದು ಒಮ್ಮೆ ಕರೆಯಬೇಕೆನಿಸಿತು. ಕರೆಯಲಿಲ್ಲ.