ಅತ್ತಿಮರದ ತಿರುವಿನಲ್ಲಿ ಎರಡು ಪೆಟ್ಟು

ಕೊಡಗಿಗೆ ಕೊಡಗಿನದೇ ಸರ್ಕಾರವಿದ್ದ ಆ ಕೆಲವು ವರ್ಷಗಳಲ್ಲಿ ಸೋಮವಾರಪೇಟೆಗೆ ಒಂದು ಗಾಡಿ ಸಿಕ್ಕಿತ್ತು. ಎಡಗಡೆಯಿಂದ ನೋಡಿದರೆ ಅದು ಆಂಬುಲೆನ್ಸು, ಬಲಗಡೆಯಿಂದ ನೋಡಿದರೆ ಬೆಂಕಿ ಆರಿಸುವ ಗಾಡಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಳೆಯ ವ್ಯಾನು. ಎಡಕ್ಕೆ ಬಳಿಯುವಷ್ಟರಲ್ಲಿ ಬಿಳಿ ಬಣ್ಣ ಮುಗಿಯಿತಂತೆ, ಬಲಕ್ಕೆ ಕೆಂಪು ಬಳಿದರಂತೆ. ಒಳಗೂ ಅದೇ ಕಥೆ. ಸ್ಟ್ರೆಚರಿನ ಕೆಳಗೆ ಕೈಪಂಪು, ಔಷಧದ ಪೆಟ್ಟಿಗೆಯ ಪಕ್ಕ ಸುತ್ತಿಟ್ಟ ಕ್ಯಾನ್ವಾಸ್ ಪೈಪು. ರೋಗಿಗಳು ಆ ಪೈಪಿಗೇ ತಲೆಯಿಟ್ಟು ಮಡಿಕೇರಿಯ ದೊಡ್ಡಾಸ್ಪತ್ರೆಗೆ ಹೋಗುತ್ತಿದ್ದರು, ದಿಂಬಿಗಿಂತ ಅದೇ ಮೆತ್ತಗಿದೆ ಎನ್ನುತ್ತಿದ್ದರು.

ಗಾಡಿಗೆ ನಾವು ಮೂವರು. ಓಡಿಸುವವನು ಬೊಳ್ಳಪ್ಪ, ಭಾಗಮಂಡಲದ ಕಡೆಯವನು. ಮನೆಯಲ್ಲಿ ಅರೆಭಾಷೆ, ಬೀದಿಯಲ್ಲಿ ಕನ್ನಡ, ಗಾಡಿ ಕೆಟ್ಟು ನಿಂತಾಗ ಮಾತ್ರ ಮಿಲಿಟರಿಯಲ್ಲಿ ಕಲಿತ ಹಿಂದಿ. ಗಾಯ ಕಟ್ಟುವವನು ನಾನು, ಆಸ್ಪತ್ರೆಯ ಡ್ರೆಸ್ಸರ್ ಸೋಮಯ್ಯ. ಮೂರನೆಯವನು ಸಣ್ಣಸ್ವಾಮಿ. ಸ್ಟ್ರೆಚರ್ ಹೊರುವುದು, ಪಂಪು ಹೂಡುವುದು, ಮನೆಯ ಮಾಡು ಹತ್ತುವುದು ಎಲ್ಲ ಅವನೇ. ಆದರೆ ಅವನನ್ನು ಕೇಳಿ ನೋಡಿ, ನಿನ್ನ ಕೆಲಸವೇನು ಎಂದು. ಗಂಟೆ ಹೊಡೆಯುವುದು ಎನ್ನುತ್ತಿದ್ದ.

ಸಣ್ಣಸ್ವಾಮಿಯ ಊರು ಶಿರಂಗಾಲ. ಅವನ ಅಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ರಾಗಿ ಬೆಳೆಯುತ್ತ ನಿಂತ ಮನೆತನ. ಎತ್ತು ಕೂಗಿ ಕೂಗಿ ಬೆಳೆದ ಗಂಟಲು ಅವನದು, ಗುಟ್ಟು ಹೇಳಿದರೂ ಸಂತೆಯ ಆ ತುದಿಗೆ ಕೇಳಿಸುತ್ತಿತ್ತು. ನನಗೆ ಮೊದಲಿನಿಂದಲೂ ಗಲಾಟೆ ಆಗದು. ಹೀಗಿದ್ದೂ ಆ ಗಂಟಲಿನ ಪಕ್ಕದಲ್ಲೇ ವರ್ಷಗಟ್ಟಲೆ ಕೂತು ಬಂದೆನೆಂದರೆ ಆ ಮನುಷ್ಯ ಎಂಥವನೆಂದು ನೀವೇ ತಿಳಿದುಕೊಳ್ಳಿ.

ಪಂಪು ಒತ್ತುವುದಕ್ಕೆ ಜನ ಬೇಕು, ಸರ್ಕಾರ ಕೊಟ್ಟಿರಲಿಲ್ಲ. ಎಲ್ಲಿ ಬೆಂಕಿಯೋ ಅಲ್ಲಿಯ ಜನವೇ ಹಿಡಿಯ ಎರಡೂ ಕಡೆ ನಿಂತು ಒತ್ತಬೇಕು. ಅವರಿಗೆ ತಾಳ ಹಾಕುವವನು ಸಣ್ಣಸ್ವಾಮಿ. ಅವನ ತಾಳವೆಂದರೆ ಬೈಗುಳ. "ಒತ್ತಲಾ ಮಾರ, ಹಿಟ್ಟು ತಿಂದಿಲ್ವಾ. ಒತ್ತಣ್ಣ ಶೆಟ್ರೇ, ತಕ್ಕಡಿ ಒತ್ತೋಕೆ ಬತ್ತದೆ, ಪಂಪು ಒತ್ತೋಕೆ ಬರಾಕಿಲ್ವಾ." ಬೈಸಿಕೊಂಡವರು ನಗುತ್ತ ಒತ್ತುತ್ತಿದ್ದರು. ಬೆಂಕಿ ಆರಿದ ಮೇಲೆ ತನ್ನನ್ನು ಬೈಯಲೇ ಇಲ್ಲವೆಂದು ಬೇಸರ ಮಾಡಿಕೊಂಡವರೂ ಇದ್ದರು.

ಇನ್ನು ಗಂಟೆಯ ವಿಷಯ. ಯಾವುದೋ ಎಸ್ಟೇಟಿನಲ್ಲಿ ಆಳುಗಳನ್ನು ಅವರ ಲೈನುಮನೆಗಳಿಂದ ಕರೆಯಲು ಹೊಡೆಯುತ್ತಿದ್ದ ಹಿತ್ತಾಳೆಯ ಗಂಟೆ ಅದು, ಗಾಡಿಯ ನೆತ್ತಿಗೆ ಕಟ್ಟಿತ್ತು. ಅದರ ಹಗ್ಗ ಮುಂದಿನ ಎಡ ಸೀಟಿನ ಮೇಲೆ ಇಳಿದಿತ್ತು. ಹೋಗುವಾಗ ದಾರಿ ಬಿಡಿಸಲು ಹೊಡೆಯುವುದು ಎಲ್ಲ ಕಡೆಯೂ ಇದ್ದದ್ದೇ. ಬರುವಾಗ ಹೊಡೆಯುವುದನ್ನು ಶುರುಮಾಡಿದವನು ಸಣ್ಣಸ್ವಾಮಿ. ಮಡಿಕೇರಿಗೆ ಕರೆದೊಯ್ದವರ ಮನೆಯವರು ಗಾಡಿ ಬರುವವರೆಗೂ ರಸ್ತೆಯಲ್ಲೇ ನಿಂತು ಕಾಯುವುದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಮಾದಾಪುರದ ದಾರಿಯಲ್ಲಿ ಬಂದರೆ ಪೇಟೆಗೆ ಮುಂಚೆ ಒಂದು ಅತ್ತಿಮರದ ತಿರುವು ಸಿಗುತ್ತದೆ. ಅಲ್ಲಿ ಗಂಟೆ ಹೊಡೆದರೆ ಗದ್ದೆಬಯಲು ದಾಟಿ ಇಡೀ ಪೇಟೆಗೆ ಕೇಳಿಸುತ್ತದೆ. ರೋಗಿಗೆ ಜೀವಭಯವಿಲ್ಲ ಎಂದಾದರೆ ಅಲ್ಲಿ ಎರಡು ಪೆಟ್ಟು. ಉಳಿಯಲಿಲ್ಲವಾದರೆ ಸುಮ್ಮನೆ ಬರುವುದು. ಯಾರೂ ಇದನ್ನು ಹೇಳಿಕೊಡಲಿಲ್ಲ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು.

ಆ ಹಗ್ಗವನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಒಮ್ಮೆ ಬೊಳ್ಳಪ್ಪ ದಾರಿಗೆ ಅಡ್ಡ ಬಂದ ಎಮ್ಮೆಯನ್ನು ಓಡಿಸಲು ಎಳೆದುಬಿಟ್ಟ. ಅವತ್ತು ಸಣ್ಣಸ್ವಾಮಿ ಊಟಕ್ಕೆ ನಮ್ಮ ಜೊತೆ ಕೂರಲಿಲ್ಲ. ಊಟವೆಂದರೆ ನಮಗೆ ಹಬ್ಬ. ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಮೂವರ ಬುತ್ತಿಯೂ ಒಂದೇ ಬಾಳೆಲೆಯ ಮೇಲೆ ಬೀಳಬೇಕು. ಬೊಳ್ಳಪ್ಪನ ಮನೆಯ ಬಿದಿರಿನ ಕಣಿಲೆ ಪಲ್ಯ, ನಮ್ಮ ಮನೆಯ ಉಪ್ಪಿನಕಾಯಿ, ಸಣ್ಣಸ್ವಾಮಿಯ ಹೆಂಡತಿ ಮುತ್ತಮ್ಮ ತಂದುಕೊಡುವ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಮುನಿಸಿಕೊಂಡವನು ಆ ಚಟ್ನಿಯನ್ನು ಮೂಲೆಗೆ ಒಯ್ದು ಒಬ್ಬನೇ ತಿಂದ. ಬೊಳ್ಳಪ್ಪ ಅಂದಿನಿಂದ ಹಗ್ಗದ ತಂಟೆಗೆ ಹೋಗಲಿಲ್ಲ.

ಮುತ್ತಮ್ಮನಿಗೆ ಈ ಗಂಟೆಯ ಮೇಲೆ ಅಷ್ಟೇನೂ ಗೌರವವಿರಲಿಲ್ಲ. ಮದುವೆಗೆ ಮುಂಚೆ ಅವಳ ಅಪ್ಪನಿಗೆ ಹುಡುಗ ಸರ್ಕಾರಿ ಗಾಡಿಯಲ್ಲಿದ್ದಾನೆ ಎಂದಿದ್ದರಂತೆ, ಅವರು ಡ್ರೈವರ್ ಎಂದುಕೊಂಡರಂತೆ. ರೊಟ್ಟಿಯ ಗಂಟು ಇಳಿಸುತ್ತ ಅವಳು ನನಗೆ ಹೇಳುತ್ತಿದ್ದಳು, "ನೋಡಿ ಸೋಮಯ್ಯಣ್ಣ, ಇಸ್ಕೂಲಲ್ಲಿ ಜವಾನ ಹೊಡೀತಾನೆ, ಗುಡೀಲಿ ಪೂಜಾರಿ ಹೊಡೀತಾನೆ. ಅವ್ರು ಯಾರಾದ್ರೂ ಅದುನ್ನ ಇಷ್ಟು ದೊಡ್ಡ ಕೆಲ್ಸ ಅಂತ ಹೇಳ್ಕಂಡು ತಿರುಗ್ತಾರಾ?" ಸಣ್ಣಸ್ವಾಮಿ ರೊಟ್ಟಿ ಮುರಿಯುತ್ತ ನಗುತ್ತಿದ್ದ. ಅವಳು ಬೈಯುವುದು ಅವನಿಗೆ ಇಷ್ಟ.

ಆ ವರ್ಷ ಕಾಫಿ ಕುಯ್ಲು ಮುಗಿದು ಕಣದಲ್ಲಿ ಹಣ್ಣು ಒಣಗುತ್ತಿತ್ತು. ಮುತ್ತಮ್ಮನಿಗೆ ತುಂಬಿದ ಏಳು ತಿಂಗಳು. ಒಂದು ಬೆಳಿಗ್ಗೆ ಪೇಟೆಯ ಅಂಚಿನಲ್ಲಿ ಗಂಗಮ್ಮ ಎಂಬ ಮುದುಕಿಯ ಕೊಟ್ಟಿಗೆಗೆ ಬೆಂಕಿ ಬಿತ್ತು. ಒಲೆಯ ಬೂದಿಯನ್ನು ಹುಲ್ಲಿನ ಮೆದೆಯ ಪಕ್ಕ ಸುರಿದಿದ್ದಳು, ಅದರಲ್ಲಿ ಕೆಂಡ ಉಳಿದಿತ್ತು. ನಾವು ಹೋದಾಗ ಮಾಡಿನ ಹುಲ್ಲು ಉರಿಯುತ್ತಿತ್ತು, ಗಂಗಮ್ಮ ಕರು ಕರು ಎಂದು ಬಾಯಿ ಬಡಿದುಕೊಳ್ಳುತ್ತಿದ್ದಳು. ಸಣ್ಣಸ್ವಾಮಿ ಗೋಣಿ ಒದ್ದೆಮಾಡಿ ಹೊದ್ದು ಒಳಗೆ ನುಗ್ಗಿದ. ಕಾದ ಸರಪಳಿಯನ್ನು ಬರಿಗೈಯಲ್ಲೇ ಬಿಚ್ಚಿ ಕರುವನ್ನು ಹೊರಗೆ ದಬ್ಬಿದ. ಕರು ಬಂತು, ಅದರ ಹಿಂದೆ ಇವನು ಬರುವಷ್ಟರಲ್ಲಿ ಮಾಡಿನ ಗಳವೊಂದು ತಲೆಯ ಮೇಲೆ ಬಿತ್ತು.

ಎಳೆದು ಹೊರಗೆ ಹಾಕಿದಾಗ ಅವನಿಗೆ ಎಚ್ಚರವಿರಲಿಲ್ಲ. ತಲೆಯ ತುಂಬ ರಕ್ತ, ಎರಡೂ ಅಂಗೈ ಸುಟ್ಟು ಬೆಳ್ಳಗಾಗಿತ್ತು. ನಾನು ತಲೆಗೆ ಪಟ್ಟಿ ಬಿಗಿದು ಕಟ್ಟಿದೆ. ಪಂಪಿನ ಹಿಡಿ ಹಿಡಿದವರು ತಾಳವಿಲ್ಲದೆ ಸುಮ್ಮನೆ ಒತ್ತುತ್ತಿದ್ದರು. ಪೈಪನ್ನು ಅವರ ಕೈಗೇ ಬಿಟ್ಟು ನಾವು ಅವನನ್ನು ಗಾಡಿಗೆ ಹಾಕಿದೆವು.

ಶೆಡ್ಡಿನ ಮುಂದೆ ಮುತ್ತಮ್ಮ ಗಾಡಿಗೆ ಅಡ್ಡ ನಿಂತಳು, ತಾನೂ ಬರುತ್ತೇನೆಂದಳು. ಆ ಹೊಟ್ಟೆಯಲ್ಲಿ ಆ ರಸ್ತೆಯ ಕುಲುಕಾಟ ಬೇಡವೆಂದು ನಾನು ಗದರಿದೆ. ಅವಳು ಗಂಡನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಸರಿ. ನಾನು ಇಲ್ಲೇ ಮೆಟ್ಲ ಮೇಲೆ ಕೂತಿರ್ತೀನಿ. ತಿರುವಲ್ಲಿ ಗಂಟೆ ಕೇಳೋಗಂಟ ಏಳಾಕಿಲ್ಲ."

ಮಡಿಕೇರಿಯಲ್ಲಿ ದೇವರು ದೊಡ್ಡವನು, ಡಾಕ್ಟರೂ ಒಳ್ಳೆಯವರು. ತಲೆಗೆ ಹೊಲಿಗೆ ಬಿತ್ತು, ಕೈಗೆ ಮುಲಾಮು ಹಚ್ಚಿ ಎರಡಕ್ಕೂ ದಪ್ಪನೆಯ ಕಟ್ಟು ಹಾಕಿದರು. ಸಂಜೆಗೆ ಕಣ್ಣು ಬಿಟ್ಟವನು ಮೊದಲು ಕರುವನ್ನು ಕೇಳಿದ, ಆಮೇಲೆ ಅನ್ನ ಕೇಳಿದ. ಇಷ್ಟು ಕೂಗುವವನಿಗೆ ಏನೂ ಆಗುವುದಿಲ್ಲ, ಒಂದು ರಾತ್ರಿ ಇದ್ದು ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಮರುದಿನ ಮೊದಲ ಬಸ್ಸು ಹೊರಡುವುದಕ್ಕೆ ಮುಂಚೆಯೇ ನಾವು ಹೊರಟೆವು. ಊರಿಗೆ ಸುದ್ದಿ ಒಯ್ಯುವವರು ನಾವೇ.

ಅಂಥ ಖುಷಿಯ ಪ್ರಯಾಣ ನನ್ನ ಜನ್ಮದಲ್ಲಿ ಮತ್ತೊಂದಿಲ್ಲ. ಹಿಂದಿನ ಸಂಜೆಯೇ ಸಂತೆಯಲ್ಲಿ ಒಂದು ಬುಟ್ಟಿ ಕಿತ್ತಳೆ ಹಣ್ಣು ಕೊಂಡಿದ್ದೆವು. ನಾನು ಹಿಂದೆ ಸ್ಟ್ರೆಚರಿನ ಪಕ್ಕ ಕೂತು ಸುಲಿದು ಸುಲಿದು ಅವನ ಬಾಯಿಗೆ ಹಾಕುತ್ತಿದ್ದೆ, ಅವನು ಬೀಜವನ್ನು ಬೊಳ್ಳಪ್ಪನ ಕುತ್ತಿಗೆಗೆ ಗುರಿಯಿಟ್ಟು ಉಗಿಯುತ್ತಿದ್ದ. ಕೈ ವಾಸಿಯಾಗುವವರೆಗೆ ಊಟ ಮಾಡಿಸುವವರು ಯಾರು, ಮೂಗು ತುರಿಸುವವರು ಯಾರು ಎಂದು ಡ್ಯೂಟಿ ಹಂಚಿದೆವು. ಬೊಳ್ಳಪ್ಪ ಮೂಗು ಒಪ್ಪಿಕೊಂಡ. ಮಾದಾಪುರ ದಾಟಿದ ಮೇಲೆ ಔಷಧದ ಅಮಲಿಗೆ ಸಣ್ಣಸ್ವಾಮಿ ಗೊರಕೆ ಹೊಡೆಯತೊಡಗಿದ. ನನಗೂ ಒಂದು ಜೋಂಪು ಬಂತು.

ಪೇಟೆ ಬಂದಾಗ ಬೊಳ್ಳಪ್ಪ ಗಾಡಿ ನಿಧಾನ ಮಾಡಿದ. ಅಂಗಡಿಗಳು ಅರ್ಧ ಬಾಗಿಲು ಹಾಕಿದ್ದವು. ಜನ ರಸ್ತೆಯ ಎರಡೂ ಬದಿಗೆ ತಲೆತಗ್ಗಿಸಿ ನಿಂತಿದ್ದರು. ಶೆಟ್ಟರು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಶೆಡ್ಡಿನ ಪಕ್ಕ ಮಾರ ಇಬ್ಬರನ್ನು ಕೂಡಿಸಿಕೊಂಡು ಹಸಿ ಬಿದಿರು ಕಡಿಯುತ್ತಿದ್ದ.

"ಎಂಥ ಆತ್ ಮಾರಾಯ?" ಬೊಳ್ಳಪ್ಪ ಕಿಟಕಿಯಿಂದ ತಲೆ ಹಾಕಿ ಕೇಳಿದ. "ಯಾರು ತೀರಿಕೊಂಡದ್ದು?"

ಗಂಗಮ್ಮ ಕರುವಿನ ಹಗ್ಗ ಹಿಡಿದುಕೊಂಡೇ ಮುಂದೆ ಬಂದು ಗಾಡಿಗೆ ಹಣೆ ಹಚ್ಚಿ ಅತ್ತಳು. "ನನ್ ಕರೂಗೋಸ್ಕರ ಜೀವ ಕೊಟ್ಬುಟ್ಯಲ್ಲೋ ನನ್ನಪ್ಪ."

ಆ ಸದ್ದಿಗೆ ಒಳಗಿದ್ದವನಿಗೆ ಎಚ್ಚರವಾಯಿತು. ಎದ್ದು ಕೂತ, ಕಟ್ಟು ಹಾಕಿದ ತಲೆಯನ್ನು ಹಿಂಬಾಗಿಲಿನಿಂದ ಹೊರಗೆ ಹಾಕಿದ. ಬಿದಿರು ಕಡಿಯುತ್ತಿದ್ದ ಮಾರ ಕತ್ತಿ ಬಿಟ್ಟು ಓಡಿದ. ಸಣ್ಣಸ್ವಾಮಿ ಜನರನ್ನು ನೋಡಿದ, ಬಿದಿರನ್ನು ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

"ಸೋಮಯ್ಯಣ್ಣ, ತಿರುವಲ್ಲಿ ಗಂಟೆ ಹೊಡುದ್ರಾ?"

ನಾನು ಬೊಳ್ಳಪ್ಪನನ್ನು ನೋಡಿದೆ. ಅವನು ಸ್ಟಿಯರಿಂಗ್ ನೋಡುತ್ತಿದ್ದ.

"ಹಗ್ಗ ಇಲ್ಲೇ ಅಲ್ಲಾಡಿಕೊಂಡಿತ್ತು," ಎಂದ ಬೊಳ್ಳಪ್ಪ ಮೆಲ್ಲಗೆ. "ಕಂಡೆ. ನಿನ್ನದಲ್ವಾ ಅಂತ ಮುಟ್ಟಲಿಲ್ಲ."

ಇಡೀ ಊರಿನಲ್ಲಿ ಆ ಹಗ್ಗವನ್ನು ಎಳೆಯಬಾರದೆಂದು ಕಲಿತಿದ್ದವರು ನಾವಿಬ್ಬರೇ. ಕಲಿತದ್ದನ್ನು ಎಂಥ ಹೊತ್ತಿನಲ್ಲಿ ಪಾಲಿಸಿದೆವು ನೋಡಿ. ಗಾಡಿ ತಿರುವು ದಾಟುವುದನ್ನು ಗದ್ದೆಯಲ್ಲಿದ್ದವರು ಕಂಡಿದ್ದಾರೆ, ಗಂಟೆ ಕೇಳಿಲ್ಲ, ಓಡಿ ಬಂದು ಹೇಳಿದ್ದಾರೆ. ನಾವು ರಸ್ತೆಯಲ್ಲಿ ಬಳಸಿಕೊಂಡು ಬರುವಷ್ಟರಲ್ಲಿ ಊರು ಅವನನ್ನು ಸಾಯಿಸಿ ಚಟ್ಟಕ್ಕೆ ಬಿದಿರು ಕಡಿಯಲು ಕೂತಿತ್ತು.

"ಗಾಡಿ ತಿರುಗ್ಸು," ಎಂದ ಸಣ್ಣಸ್ವಾಮಿ ಮೆಟ್ಟಿಲಿನ ಕಡೆ ನೋಡುತ್ತ. "ತಿರುವಿಗೆ ನಡಿ. ಅವ್ಳು ಕೇಳಾಕೆ ಕೂತವ್ಳೆ."

ಆದರೆ ಮುತ್ತಮ್ಮ ಅಷ್ಟರಲ್ಲಿ ಮೆಟ್ಟಿಲಿನಿಂದ ಎದ್ದಿದ್ದಳು. ಅವಳು ಅತ್ತಿರಲಿಲ್ಲ, ಯಾರು ನೀರು ಕೊಟ್ಟರೂ ಕುಡಿದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ನಿಧಾನವಾಗಿ ಬಂದು ಹಿಂಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಅವನು ಕಟ್ಟು ಹಾಕಿದ ಎರಡು ಕೈಯನ್ನೂ ಎತ್ತಿ ತೋರಿಸಿ ಪೆಚ್ಚುನಗೆ ನಕ್ಕ. ಅವಳ ಗಲ್ಲದ ಮೇಲೆ ನೀರು ಇಳಿಯಿತು. ಮುಂದಕ್ಕೆ ಹೋಗಿ ಎಡಬಾಗಿಲು ತೆಗೆದಳು, ಹಗ್ಗ ಹಿಡಿದು ಎರಡು ಸಲ ಎಳೆದಳು. ಹತ್ತಿರದಲ್ಲಿ ಆ ಗಂಟೆ ಕಿವಿ ಗುಯ್ ಎನ್ನುವ ಹಾಗೆ ಹೊಡೆಯುತ್ತದೆ. ಅಂಗಡಿಗಳ ಹಲಗೆ ಬಾಗಿಲು ಒಂದೊಂದಾಗಿ ತೆರೆದವು. ಶೆಟ್ಟರು ರುಮಾಲು ಸುತ್ತಿಕೊಂಡರು.

ಆಮೇಲೆ ಅವಳು ನಮ್ಮಿಬ್ಬರ ಕಡೆ ತಿರುಗಿದಳು. ಅವತ್ತು ಬೈದದ್ದನ್ನು ಬರೆದರೆ ಅಚ್ಚು ಹಾಕುವವರು ಒಪ್ಪುವುದಿಲ್ಲ. ಬೈಸಿಕೊಳ್ಳುತ್ತ ನಾನು ನಗುತ್ತಿದ್ದೆ, ಬೊಳ್ಳಪ್ಪ ಅಳುತ್ತಿದ್ದ. ಕಡಿದ ಬಿದಿರನ್ನು ಗಂಗಮ್ಮ ತನ್ನ ಕೊಟ್ಟಿಗೆಯ ಮಾಡಿಗೆ ಒಯ್ದಳು.

ಮಳೆ ಹಿಡಿಯುವ ಮುಂಚೆ ಅವನ ಕೈ ವಾಸಿಯಾಯಿತು. ಮುತ್ತಮ್ಮನಿಗೆ ನೋವು ಬಂದ ದಿನ ನಾನು ಪೇಟೆಯ ಆಸ್ಪತ್ರೆಯಲ್ಲೇ ಇದ್ದೆ. ಸಣ್ಣಸ್ವಾಮಿ, ಬೊಳ್ಳಪ್ಪ ಇಬ್ಬರೂ ಮರದಿಂದ ಬಿದ್ದವನೊಬ್ಬನನ್ನು ಮಡಿಕೇರಿಗೆ ಒಯ್ದಿದ್ದರು. ಹೆರಿಗೆ ಸುಲಭವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನರ್ಸಮ್ಮನ ಮುಖ ನೋಡಿ ನಾನು ಹೊರಗೆ ಹೋಗಿ ನಿಂತೆ. ಸಂಜೆಗೆ ಹೆಣ್ಣು ಮಗು ಹುಟ್ಟಿತು, ಅಪ್ಪನ ಗಂಟಲನ್ನೇ ತಂದಿತ್ತು. ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ಎರಡು ಪೆಟ್ಟು ಕೇಳಿಸಿತು, ಮರದಿಂದ ಬಿದ್ದವನಿಗೆ. ಆಮೇಲೆ ಸಣ್ಣಸ್ವಾಮಿ ಓಡಿ ಬಂದ. ಮಗುವನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡ.

"ಆ ಮರದವನಿಗೆ ಹೊಡುದ್ರಲ್ಲ," ಎಂದಳು ಮುತ್ತಮ್ಮ. ದನಿ ಸೋತಿತ್ತು. "ನಮಗೆ ಯಾರು ಹೊಡೀತಾರೆ? ನಾನೂ ಸಾವಿನ ಗಂಟ ಹೋಗಿ ಬಂದೋಳೇ ಅಲ್ವಾ?"

ಸಣ್ಣಸ್ವಾಮಿ ಮಗುವನ್ನು ನನ್ನ ಕೈಗೆ ಕೊಟ್ಟು ಹೊರಗೆ ಓಡಿದ. ಗಾಡಿ ಬಂದ ದಾರಿಯಲ್ಲೇ ವಾಪಸು ಹೊರಟ ಸದ್ದಾಯಿತು. ಅವಳು ಕಣ್ಣು ಮುಚ್ಚಿ ಕಾಯುತ್ತಿದ್ದಳು. ಗದ್ದೆಬಯಲಿನ ಆಚೆಯಿಂದ ಗಂಟೆ ಬಂತು, ಎರಡು ಪೆಟ್ಟು, ಒಂದೇ ಸಮ. ಸ್ವಲ್ಪ ಬಿಟ್ಟು ಮತ್ತೆ ಎರಡು, ಒಂದು ಜೋರು, ಒಂದು ಮೆತ್ತಗೆ, ತಾಳವೇ ಇಲ್ಲ.

ಮುತ್ತಮ್ಮ ಕಣ್ಣು ಬಿಟ್ಟು ನಕ್ಕಳು.

"ಮಗೀಗೆ ಹೊಡ್ದಿದ್ದು ಇವ್ರಲ್ಲ, ಸೋಮಯ್ಯಣ್ಣ. ಹಗ್ಗ ಬೊಳ್ಳಪ್ಪಣ್ಣನ ಕೈಗೆ ಕೊಟ್ಟವ್ರೆ."