ಎಂಟು ಒಂಬತ್ತಾದ ಬೋರ್ಡು

ಊರಿನ ಬೋರ್ಡು ಬರೆಯುವುದು ಅವನ ಕಸುಬು. ಹೆಸರು, ಸಮುದ್ರಮಟ್ಟದಿಂದ ಎತ್ತರ, ಜನಸಂಖ್ಯೆ. ಹಳದಿ ತಗಡಿನ ಮೇಲೆ ಕಪ್ಪು ಅಕ್ಷರ. ಜನಗಣತಿ ಮುಗಿದಾಗಲೆಲ್ಲ ಹಳೆಯ ಅಂಕಿ ಅಳಿಸಿ ಹೊಸದನ್ನು ಬರೆಯಬೇಕು. ಈ ಸಲವೂ ನಗರದಿಂದ ಶುರುಮಾಡಿದ. ಅಲ್ಲಿನ ಜನ ಲಕ್ಷಗಳಲ್ಲಿ. ಕೊನೆಗೆ ಸಾಲುಸಾಲು ಸೊನ್ನೆ. ಬೋರ್ಡಿನ ಕೆಳಗೆ ದಿನವಿಡೀ ಬಸ್ಸುಗಳು ಹಾಯುತ್ತವೆ, ಯಾರೂ ಕತ್ತೆತ್ತಿ ನೋಡುವುದಿಲ್ಲ. ಕಾರ್ಖಾನೆಗಳು ಮುಗಿದು, ಹೊಲಗಳ ನಡುವೆ ದಾರಿ ಏರತೊಡಗಿದಂತೆ ಎತ್ತರದ ಅಂಕಿ ಹಿಗ್ಗುತ್ತ, ಜನರ ಅಂಕಿ ಕುಗ್ಗುತ್ತ ಬಂತು. ಜಿಲ್ಲೆಯ ಕಟ್ಟಕಡೆಯ ಹಳ್ಳಿಗೆ ಬಂದಾಗ ಕಾಗದದಲ್ಲಿದ್ದದ್ದು ನಾನೂರ ಎಂಟು.

ಇಲ್ಲಿ ಅಂಕಿಗೂ ಮುಖವಿತ್ತು. ಏಣಿ ಆನಿಸಿದ್ದೇ ತಡ, ಜನ ನೆರೆದರು.

"ಬೋರ್ಡಣ್ಣಾ, ಇದರಲ್ಲಿ ನಾನೆಲ್ಲಿದೀನಿ?" ಎಂದ ಕೋಲೂರಿಕೊಂಡ ಮುದುಕ.

"ನಡುವಿನ ಸೊನ್ನೆಯಲ್ಲಿ ಅಜ್ಜಾ. ಕಾಲು ಚಾಚಿಕೊಂಡು ಮಲಗಬಹುದು."

"ನನ್ನ ಹೆಂಡತಿ?"

"ಅವರೂ ಅಲ್ಲೇ."

"ಅಯ್ಯೋ, ಹಾಗಾದ್ರೆ ಮಲಗೋಕೆ ಬಿಡ್ತಾಳೇನಪ್ಪಾ!"

ಏಣಿ ಪಕ್ಕದ ಹಿಟ್ಟಿನ ಗಿರಣಿಯದು. ತಂದೆಯ ನಂತರ ಗಿರಣಿಯನ್ನು ಮಗಳೊಬ್ಬಳೇ ನಡೆಸುತ್ತಿದ್ದಳು. ಹುಬ್ಬಿನ ಮೇಲೆ ಸದಾ ಹಿಟ್ಟು. ಯಂತ್ರದ ಸದ್ದಿಗೆ ಒಗ್ಗಿ, ಗುಟ್ಟು ಹೇಳಿದರೂ ಆಚೆ ಬೀದಿಗೆ ಕೇಳಿಸುವ ಗಂಟಲು. ಮೊದಲ ದಿನ ಅವಳು ಏಣಿ ಕೊಟ್ಟು, ಜಾರದಂತೆ ತಾನೇ ಹಿಡಿದುಕೊಂಡಳು. ಅಷ್ಟು ಸಾಕಾಯಿತು. ನಲವತ್ತು ದಾಟಿದ ಪೇಂಟರು ಒಂದು ದಿನದ ಕೆಲಸವನ್ನು ವಾರಕ್ಕೆ ಎಳೆದ.

"ಒಂದು ಸೊನ್ನೆ ಸುತ್ತೋಕೆ ಇಷ್ಟು ಹೊತ್ತಾ, ಪೇಂಟರ್ರೇ?"

"ಗುಂಡಗೆ ಬರಬೇಕಲ್ಲ."

"ನಾನು ಹೀಗೆ ಹಿಟ್ಟು ಬೀಸಿದ್ರೆ ಊರು ಉಪವಾಸ ಬೀಳುತ್ತೆ!"

ಸಂಜೆ ಅವನು ನಗರದಲ್ಲಿರುವ ಅಕ್ಕನಿಗೆ ಫೋನ್ ಮಾಡಿದ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ.

"ಇಲ್ಲಿ ಲಕ್ಷಾಂತರ ಜನರಲ್ಲಿ ನಿನ್ನ ಕಣ್ಣಿಗೆ ಒಬ್ಬಳೂ ಬೀಳ್ಲಿಲ್ಲ. ಅಲ್ಲಿ ಹೋಗಿ ನೀನೇ ಬಿದ್ಯಾ?" ಅಕ್ಕ ನಕ್ಕಳು. "ಕೇಳಿದ್ಯೇನೋ?"

"ಬಾಯೇ ಬರಲ್ಲ ಅಕ್ಕ. ನಾಳೆ ಕೆಲಸ ಮುಗಿಯುತ್ತೆ, ಇಲ್ಲಿಗೆ ಮತ್ತೆ ಬರೋಕೆ ನೆಪವಿಲ್ಲ. ಕೇಳಿ, ಬೇಡ ಅಂದುಬಿಟ್ರೆ?"

"ಅವಳು ನಿನ್ನ ಏನಂತ ಕರೀತಾಳೆ?"

"ಊರಿಗೆಲ್ಲ ನಾನು ಬೋರ್ಡಣ್ಣ. ಅವಳು ಮಾತ್ರ ಪೇಂಟರ್ರೇ ಅಂತಾಳೆ."

"ಒಂದು ಸಲವೂ ಅಣ್ಣ ಅಂದಿಲ್ವಾ?"

"ಇಲ್ಲ."

"ದಡ್ಡ! ಬೆಳಗಾಗ್ತಿದ್ದ ಹಾಗೇ ಹೋಗಿ ಕೇಳು."

ಬೆಳಿಗ್ಗೆ ಗಿರಣಿ ಭೋರೆನ್ನುತ್ತಿತ್ತು. ಚೀಲ ಹಿಡಿದವರ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಅವನು ಕೇಳಿದ, ಅವಳಿಗೆ ಕೇಳಿಸಲಿಲ್ಲ. ಮತ್ತೆ ಕೇಳಿದ. ಅವಳು ಕಿವಿಗೆ ಕೈ ಹಿಡಿದಳು. ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದ. ಅದೇ ಗಳಿಗೆಗೆ ಕರೆಂಟು ಹೋಯಿತು.

"ನನ್ನನ್ನ ಮದುವೆ ಆಗ್ತೀರಾ?"

ಹಿಟ್ಟಿನ ದೂಳು ನಿಧಾನವಾಗಿ ಇಳಿಯಿತು. ಯಾರೋ ಕಿಸಕ್ಕೆಂದರು.

"ನನಗೆ ಆಗಲೇ ಮದುವೆ ಆಗಿದೆ ಕಣಪ್ಪಾ," ಎಂದಳು ಸಾಲಿನ ಮುಂದಿದ್ದ ಅಜ್ಜಿ.

ಗಿರಣಿಯವಳ ಮುಖ ಹಿಟ್ಟಿನಡಿಯಲ್ಲೂ ಕೆಂಪಾಯಿತು. "ಮೊದಲು ಬೋರ್ಡು ಮುಗಿಸಿ," ಎಂದಳು, ಎಂದೂ ಇಲ್ಲದಷ್ಟು ಮೆತ್ತಗೆ.

ಇದು ಹೌದೋ ಅಲ್ಲವೋ? ಅವನು ಏಣಿ ಹತ್ತಿ ಕೊನೆಯ ಎಂಟನ್ನು ಬರೆದ. ಏಣಿ ಒಂದಿಷ್ಟೂ ಅಲುಗಲಿಲ್ಲ. ಬಗ್ಗಿ ನೋಡಿದರೆ ಕೆಳಗೆ ಅವಳು ಹಿಡಿದು ನಿಂತಿದ್ದಳು.

"ತಪ್ಪು ಬರೆದಿದ್ದೀರಿ."

ಅವನು ಜೇಬಿನಿಂದ ಕಾಗದ ತೆಗೆದು ನೋಡಿದ. "ನಾನೂರ ಎಂಟೇ ಅಲ್ವಾ?"

"ಅದನ್ನ ಕಳಿಸಿದೋರು ನಿಮ್ಮನ್ನ ಲೆಕ್ಕಕ್ಕೆ ತಗೊಂಡಿಲ್ಲ. ನಾನು ತಗೊಂಡಿದೀನಿ!"

ಈ ಸಲ ಅವಳ ಗಂಟಲು ಮೊದಲಿನಂತೆಯೇ ಇತ್ತು. ಗಿರಣಿಯ ಸಾಲಿಗೆ ಸಾಲೇ ಹೋ ಎಂದಿತು.

ಎಂಟನ್ನು ಒಂಬತ್ತು ಮಾಡಲು ಹೊಸ ಬಣ್ಣ ಬೇಕಿಲ್ಲ. ಹಸಿಯಿರುವಾಗಲೇ ಕೆಳಹೊಟ್ಟೆಯ ಎಡಬದಿಯನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಅವನು ಒರೆಸಿದ.

ಮದುವೆಗೆ ಬಂದ ಅಕ್ಕ ಬಸ್ಸಿಳಿದವಳೇ ಬೋರ್ಡಿನ ಮುಂದೆ ನಿಂತಳು.

"ಇಲ್ಲಿ ಒಂದು ಕೂಡಿಸಿದೆ, ಸರಿ. ನಗರದ ಬೋರ್ಡಲ್ಲಿ ಒಂದು ಕಳೆದ್ಯೇನೋ?"

"ಅಲ್ಲಿ ಬರೀ ಸೊನ್ನೆಗಳು ಅಕ್ಕ. ಒಬ್ಬ ಕಡಿಮೆಯಾದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ," ಎಂದು ಅವಳು ತಮ್ಮನ ತಲೆಯ ಮೇಲಿದ್ದ ಹಿಟ್ಟನ್ನು ಕೈಯಿಂದ ಕೊಡವಿದಳು. "ನಡಿ, ಎಲ್ಲಿ ನನ್ನ ನಾದಿನಿ?"

ತೋರಿಸುವ ಅಗತ್ಯ ಬೀಳಲಿಲ್ಲ. ಗಿರಣಿಯ ಒಳಗಿನಿಂದ ಊರಿಗೆಲ್ಲ ಕೇಳುವಂತೆ ದನಿ ಬಂತು: "ಅತ್ತಿಗೇ, ಬಂದೇ!"