ಹಿರಿಯರಿಗೆ ಇಟ್ಟ ಚೂಡಿದಾರ

ಆಗೆಲ್ಲ ನಮ್ಮ ಲಕ್ಕಲಕಟ್ಟಿಯಲ್ಲಿ ಚೂಡಿದಾರ ಹಾಕುವ ಹುಡುಗಿಯರೇ ಇರಲಿಲ್ಲ. ಎರಡು ಜಡೆ, ಲಂಗ, ಪೋಲಕ; ಆಮೇಲೆ ನೇರ ಸೀರೆ. ಗಜೇಂದ್ರಗಡದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದ ನನಗೆ ಪೇಟೆ ಹುಡುಗಿಯರ ವೇಲು ಗಾಳಿಗೆ ಹಾರುವುದನ್ನು ಕಂಡರೆ ಹೊಟ್ಟೆಕಿಚ್ಚು. ಅಪ್ಪನನ್ನು ಕೇಳಿದೆ, ಅತ್ತು ಕರೆದೆ, ಎರಡು ದಿನ ಊಟ ಬಿಟ್ಟೆ. ಹಟದಲ್ಲಿ ನಾನೇನೂ ಕಡಿಮೆಯವಳಲ್ಲ.

“ರೇಣುಕಾ, ಈ ಮನ್ಯಾಗ ಆ ಅರಿವಿ ಹೆಸರ ಎತ್ತಬ್ಯಾಡ,” ಎಂದ ಅಪ್ಪ.

ಕಾರಣ ಹೇಳಿದವಳು ಅವ್ವ, ಹಬ್ಬದ ಹೋಳಿಗೆಗೆ ಶೇಂಗಾ ಹುರಿಯುತ್ತ. ಅಪ್ಪನಿಗೆ ಕಸ್ತೂರಿ ಎಂಬ ತಂಗಿಯಿದ್ದಳು. ಹದಿನೇಳರ ಹುಡುಗಿ. ಆಕಾಶನೀಲಿ ಚೂಡಿದಾರ ಹೊಲಿಸಿಕೊಂಡು, ಗೆಳತಿಯ ಮನೆಯಲ್ಲಿ ಬಚ್ಚಿಟ್ಟು, ಅಲ್ಲೇ ಹಾಕಿಕೊಂಡು ಓಡಾಡುತ್ತಿದ್ದಳಂತೆ. ಒಂದು ದಿನ ಅಪ್ಪನ ಕಣ್ಣಿಗೆ ಬಿತ್ತು. ಆಯಿಯ, ಅಂದರೆ ನನ್ನ ಅಜ್ಜಿಯ, ಎದುರೇ ಅದನ್ನು ಒಲೆಗೆ ಹಾಕಿದ. ಆಯಿ, ಹೆತ್ತ ತಾಯಿ, ತಡೆಯಲಿಲ್ಲ. ಅದೇ ಮಳೆಗಾಲದಲ್ಲಿ ಕಸ್ತೂರಿ ಕಾಮಾಲೆಯಾಗಿ ತೀರಿಕೊಂಡಳು.

ದಸರೆಗೆ ಮುಂಚಿನ ಮಹಾನವಮಿ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಹಬ್ಬ. ತೀರಿಹೋದವರಿಗೆ ಹೊಸ ಬಟ್ಟೆಯನ್ನು ಮಣೆಯ ಮೇಲಿಟ್ಟು, ಎಡೆ ಮಾಡಿ, ಲೋಬಾನದ ಹೊಗೆ ಹಾಕಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂಡುತ್ತೇವೆ. ಆಮೇಲೆ ಆ ಬಟ್ಟೆಯನ್ನು ಮನೆಯವರೇ ತೊಡಬೇಕು, ಹೊರಗೆ ಕೊಡುವಂತಿಲ್ಲ. ಪ್ರತಿವರ್ಷ ಅಜ್ಜನಿಗೆ ಧೋತರ, ಕಸ್ತೂರಿಗೆ ಇಳಕಲ್ ಸೀರೆ. ಆ ವರ್ಷ ಆಯಿ ಸೀರೆ ತರಿಸಲಿಲ್ಲ. ಮಣೆಯ ಮೇಲೆ ಆಕಾಶನೀಲಿ ಚೂಡಿದಾರ ಇಟ್ಟಳು.

ಅಪ್ಪ ಸಿಡಿದ. “ಹಿರೇರಿಗೆ ಯಾರರ ಚೂಡಿದಾರ ಇಡ್ತಾರೇನಬೇ? ಮಂದಿ ಏನಂದೀತು?”

“ಏನರ ಅನ್ಲಿ. ಬಾಗಲದಾಗ ಬಂದು ನಿಂದರತಾಳ, ಒಳಗ ಬಾ ಅಂದ್ರ ಬರೂದಿಲ್ಲ. ಇದ್ದಾಗ ಸುಟ್ಟಿ, ನಾ ನೋಡ್ಕೋಂತ ನಿಂತೆ. ಈಗರ ಹಾಕ್ಕೊಳ್ಳಿ.”

ಬಾಗಿಲು ಮುಚ್ಚಿದೆವು. ನಡು ಮಧ್ಯಾಹ್ನ, ಕಟ್ಟೆಯ ಮೇಲೆ ಬಿಸಿಲು. ಒಳಗೆ ಬಳೆ ಸದ್ದಾಯಿತು. ನಾನು ಆಯಿಯ ಕೈ ನೋಡಿದೆ, ಅವ್ವನ ಕೈ ನೋಡಿದೆ. ಇಬ್ಬರೂ ನನ್ನ ಪಕ್ಕದಲ್ಲೇ ಇದ್ದರು, ಮನೆಯಲ್ಲಿ ಬೇರೆ ಹೆಂಗಸರು ಇರಲಿಲ್ಲ. ಬಾಗಿಲು ತೆರೆದಾಗ ಮಡಿಚಿಟ್ಟ ವೇಲು ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿತ್ತು.

“ನೋಡ್ಯಾಳ,” ಎಂದಳು ಆಯಿ.

ಇನ್ನು ಅದನ್ನು ಯಾರು ತೊಡಬೇಕು? ಮನೆಯಲ್ಲಿದ್ದ ಹುಡುಗಿ ನಾನೊಬ್ಬಳೇ. ಅಪ್ಪನೂ ಹಿರಿಯರ ಮಾತಿಗೆ ಎದುರಾಡುವಂತಿರಲಿಲ್ಲ. ಒಳಗೊಳಗೇ ಕುಣಿಯುತ್ತ ಹಾಕಿಕೊಂಡೆ. ಭುಜ, ತೋಳು, ಉದ್ದ, ಎಲ್ಲ ಹೇಳಿ ಹೊಲಿಸಿದಂತೆ ಕೂತಿತು. ಆದರೆ ನನ್ನ ಅಳತೆಯನ್ನು ಯಾರೂ ತೆಗೆದುಕೊಂಡಿರಲಿಲ್ಲ.

ಪಡಸಾಲೆಗೆ ಬಂದೆ. ಉಣ್ಣುತ್ತಿದ್ದ ಅಪ್ಪ ತುತ್ತು ಕೈಯಲ್ಲೇ ಹಿಡಿದು ಎದ್ದು ಗೋಡೆಗೆ ಸರಿದ. “ತಪ್ಪಾತ, ಕಸ್ತೂರಿ,” ಎಂದ.

ಆಯಿ ನನ್ನ ಗಲ್ಲ ಸವರಿದಳು. “ಯಾವಾಗ ಬಂದಿ ಯವ್ವಾ?”

“ಆಯಿ, ನಾ ರೇಣುಕಾ!”

ಅವಳು ನಕ್ಕಳಷ್ಟೇ. ಹೆದರಿ ಬಟ್ಟೆ ಬದಲಿಸಲು ಓಡಹೊರಟೆ. ಕೈ ಗಟ್ಟಿ ಹಿಡಿದಳು. “ತೆಗೀಬ್ಯಾಡ. ಈ ಸಲ ಯಾರೂ ಸುಡೂದಿಲ್ಲ.”

ಆಮೇಲೆ ನನ್ನ ಬಟ್ಟೆಗೆ ಅಡ್ಡಿಯೇ ಬರಲಿಲ್ಲ. ನನ್ನನ್ನು ನೋಡಿ ಊರಿನ ಉಳಿದ ಹುಡುಗಿಯರೂ ಹಟ ಹಿಡಿದು ಗೆದ್ದರು. ನಾನು ಮುಂದೆ ಜೀನ್ಸ್ ಹಾಕಿದೆ, ಜಡೆ ಕತ್ತರಿಸಿದೆ. ಅಪ್ಪ ಒಮ್ಮೆಯೂ ಬೈಯಲಿಲ್ಲ, ಕಣ್ಣೆತ್ತಿ ನನ್ನನ್ನು ನೋಡಲೂ ಇಲ್ಲ. ಈಗ ಊರಲ್ಲಿ ಯಾರು ಏನು ತೊಟ್ಟರೂ ಕೇಳುವವರಿಲ್ಲ. ಹುಡುಗಿಯರು ಮೊಬೈಲಿನಲ್ಲೇ ಬಟ್ಟೆ ಆರಿಸುತ್ತಾರೆ. ಒಂದು ಚೂಡಿದಾರಕ್ಕೆ ಊಟ ಬಿಟ್ಟೆ ಎಂದರೆ ನಗುತ್ತಾರೆ. ನಾನೂ ನಗುತ್ತೇನೆ. ಗೆದ್ದವಳು ನಾನೇ ಎಂದು ಹೇಳಿಕೊಳ್ಳಲು ಮಾತ್ರ ಇವತ್ತಿಗೂ ಬಾಯಿ ಬರುವುದಿಲ್ಲ.

ಆಯಿ ಹಾಸಿಗೆ ಹಿಡಿದ ಮೇಲೆ ಒಂದು ಸಂಜೆ ಗಂಜಿ ಕುಡಿಸುತ್ತಿದ್ದೆ. ನನ್ನ ಮುಖವನ್ನೇ ನೋಡುತ್ತ ಕೇಳಿದಳು: “ಕಸ್ತೂರಿ, ನನಗ ರೇಣುಕಾ ಅಂತ ಒಬ್ಬಾಕಿ ಮೊಮ್ಮಗಳಿದ್ಲು. ಲಂಗ ಹಾಕ್ಕೊಂಡು ಮನಿತುಂಬ ಓಡ್ಯಾಡ್ತಿದ್ಲು. ಎಲ್ಲಿ ಹೋದ್ಲವಾ?”

“ಬರ್ತಾಳ,” ಎಂದೆ, “ನೀ ಗಂಜಿ ಕುಡಿ.”